ಅಂಕ ಕೂಡಿಸುವವನು

ನಮ್ಮೂರಿನ ನಾಟಕ ಸ್ಪರ್ಧೆಯಲ್ಲಿ ಹನ್ನೆರಡು ವರ್ಷದಿಂದ ನನ್ನದು ಒಂದೇ ಪಾತ್ರ. ಅಂಕ ಕೂಡಿಸುವವನು. ನಾಟಕದ ಅಂಕ ಅಲ್ಲ, ತೀರ್ಪುಗಾರರು ಹಾಕುವ ಅಂಕ. ವೇದಿಕೆಯ ಪಕ್ಕದ ತರಗತಿಯಲ್ಲಿ, ಏಳನೇ ಕ್ಲಾಸಿನ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಸಿಕ್ಕಿಸಿಕೊಂಡು ಕೂತು ಕ್ಯಾಲ್ಕುಲೇಟರ್ ಒತ್ತುತ್ತಿರುತ್ತೇನೆ. ಹೊರಗಿನ ಚಪ್ಪಾಳೆ ಕೇಳುತ್ತದೆ, ಯಾರಿಗೆ ಅಂತ ಕಾಣುವುದಿಲ್ಲ.

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಇಳಿದರೆ ನಮ್ಮ ಶಾಲೆ. ಸ್ಪರ್ಧೆ ಕ್ರಿಸ್ಮಸ್ ರಜೆಯಲ್ಲಿ. ಬೇರೆ ದಿನ ಹುಡುಕಿ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಮೈದಾನ ಗದ್ದೆಯಾಗಿರುತ್ತದೆ, ಮಳೆ ಹೋದ ಮೇಲೆ ಮೇ ಕೊನೆಯ ಪತ್ತನಾಜೆಯ ತನಕ ಯಕ್ಷಗಾನದ ಆಟ, ಭೂತಕೋಲ, ಜಾತ್ರೆ ಅಂತ ಊರಿನ ಒಂದು ರಾತ್ರಿಯೂ ಖಾಲಿ ಇರುವುದಿಲ್ಲ. ರಜೆಯಲ್ಲಾದರೆ ತರಗತಿ ಕೋಣೆಗಳು ಬಣ್ಣದ ಮನೆಗೆ ಸಿಗುತ್ತವೆ. ಆರು ತಂಡ, ಸಂಜೆಗೆ ಮೂರು, ತಲಾ ಐವತ್ತು ನಿಮಿಷ, ಸೆಟ್ ಬದಲಿಸಲು ಇಪ್ಪತ್ತು. ಆರೂಕಾಲಕ್ಕೆ ಪರದೆ ಎದ್ದರೆ ಒಂಬತ್ತೂವರೆಯೊಳಗೆ ಮುಗಿಯಬೇಕು, ಏಕೆಂದರೆ ಹತ್ತು ಗಂಟೆಯ ನಂತರ ಬಯಲಿನಲ್ಲಿ ಮೈಕ್ ಹಾಕುವ ಹಾಗಿಲ್ಲ. 

ಮೊದಲೆಲ್ಲ ಕೊನೆಯ ನಾಟಕ ಮುಗಿದ ಕೂಡಲೇ ಫಲಿತಾಂಶ ಹೇಳುತ್ತಿದ್ದೆವು. ಅದರ ಫಲ ಉಂಡವನು ನಾನು. ಒಂದು ವರ್ಷ ಫಲಿತಾಂಶ ಹೇಳಿ ಮುಗಿಯುವ ಮೊದಲೇ ಒಂದು ತಂಡದವರು ಸೆಟ್ ಬಿಚ್ಚಿ ಟೆಂಪೋಗೆ ತುಂಬಿಸಿದರು. ಹೋಗುವಾಗ ಅವರ ನಿರ್ದೇಶಕರು ಕಿಟಕಿಯ ಸರಳಿನಾಚೆ ನಿಂತು, ಮುಖದ ಅರ್ಧ ಬಣ್ಣ ಹಾಗೇ ಇದ್ದಂತೆ ಕೇಳಿದರು: “ಎಂತ ಮಾಷ್ಟ್ರೇ, ನಿಮಗೆ ಕೂಡಿಸ್ಲಿಕ್ಕೆ ಬರ್ತದಾ?”

ಬರುತ್ತಿತ್ತು. ಕೂಡಿಸಿದ್ದು ಸರಿಯಾಗಿಯೇ ಇತ್ತು. ಆದರೆ ರಾತ್ರಿ ಮನೆಗೆ ಹೋಗಿ ಆ ಹಾಳೆಗಳನ್ನು ಮತ್ತೆ ಹರಡಿ ನೋಡಿದಾಗ ಅವರ ಸಿಟ್ಟಿಗೂ ಅರ್ಥ ಇದೆ ಅನಿಸಿತು. ಮೂವರು ತೀರ್ಪುಗಾರರು. ಇಬ್ಬರದು ಹಿಡಿತದ ಕೈ, ಆರೂ ತಂಡಕ್ಕೆ ಎಪ್ಪತ್ತರಿಂದ ಎಪ್ಪತ್ತಾರರ ಒಳಗೇ ಹಾಕಿದ್ದಾರೆ. ಮೂರನೆಯವರದು ಧಾರಾಳದ ಕೈ, ನಲವತ್ತರಿಂದ ತೊಂಬತ್ತರವರೆಗೆ ಓಡಾಡಿದ್ದಾರೆ. ಸಿಟ್ಟಾದ ತಂಡಕ್ಕೆ 75, 76, 55. ಗೆದ್ದ ತಂಡಕ್ಕೆ 73, 73, 90. ಒಟ್ಟು 206ಕ್ಕೆ ಎದುರು 236. ಇಬ್ಬರು ತೀರ್ಪುಗಾರರು ಮೊದಲನೆಯದು ಅಂದ ನಾಟಕ ಸೋತಿತ್ತು, ಅವರಿಬ್ಬರೂ ಮೂರನೆಯದು ಅಂದ ನಾಟಕ ಗೆದ್ದಿತ್ತು. ಮೂವರಿಗೆ ಸಂಭಾವನೆ ಕೊಟ್ಟು, ಊಟ ಹಾಕಿ, ಕೊನೆಗೆ ಒಬ್ಬರ ತೀರ್ಪನ್ನು ಮಾತ್ರ ತೆಗೆದುಕೊಂಡ ಹಾಗಾಯಿತು.

ಮರುವರ್ಷದಿಂದ ಮಾರ್ಕು ಕೂಡಿಸುವುದನ್ನು ಬಿಟ್ಟೆ. ಮಾರ್ಕು ಅವರು ಎಷ್ಟು ಬೇಕಾದರೂ ಹಾಕಲಿ, ನಾನು ಅದನ್ನು ಸ್ಥಾನಕ್ಕೆ ಇಳಿಸುತ್ತೇನೆ: ಅವರವರ ಹಾಳೆಯಲ್ಲಿ ಅತಿ ಹೆಚ್ಚು ಪಡೆದದ್ದು 1, ಮುಂದಿನದು 2, ಹೀಗೆ ಆರರ ತನಕ. ಆಮೇಲೆ ಸ್ಥಾನಗಳನ್ನು ಕೂಡಿಸುವುದು, ಕಡಿಮೆ ಬಂದವರು ಗೆದ್ದರು. ಹಳೆಯ ಹಾಳೆಗೆ ಇದೇ ಲೆಕ್ಕ ಹಚ್ಚಿದರೆ ಸಿಟ್ಟಾದ ತಂಡ 1+1+4, ಅಂದರೆ 6. ಗೆದ್ದವರು 3+3+1, ಅಂದರೆ 7. ಈ ಮಾತನ್ನು ಆ ನಿರ್ದೇಶಕರಿಗೆ ನಾನು ಇವತ್ತಿಗೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗಲಿ.

ಇದರಲ್ಲೂ ಒಂದು ತೊಡಕು ಉಂಟು, ಸಮ ಸಮ ಬರುವುದು ಜಾಸ್ತಿ. ಒಮ್ಮೆ ಎರಡು ತಂಡಕ್ಕೆ ಪ್ರಥಮ ಕೊಡಬೇಕಾಗಿ ಬಂದಾಗ ಸಮಿತಿಯಲ್ಲಿ ದೊಡ್ಡ ಚರ್ಚೆ. ಆಗ ನನ್ನ ಕೈಹಿಡಿದದ್ದು ನ್ಯೂಯಾರ್ಕು! ಅಕ್ಕನ ಮಗ ಅಮೆರಿಕದಲ್ಲಿದ್ದಾನೆ, ಅವನಿಗೂ ನಾಟಕದ ಹುಚ್ಚು. ಜೂನ್ ತಿಂಗಳಲ್ಲಿ ಇಲ್ಲಿ ಜಡಿಮಳೆ, ಅಲ್ಲಿ ಟೋನಿ ಪ್ರಶಸ್ತಿ. ನ್ಯೂಯಾರ್ಕಿನ ರಂಗಮಂದಿರಗಳ ಕೇರಿಯಾದ ಬ್ರಾಡ್‌ವೇಯ ನಾಟಕಗಳಿಗೂ ಸಂಗೀತ ನಾಟಕಗಳಿಗೂ ವರ್ಷಕ್ಕೊಮ್ಮೆ ಕೊಡುವ ಬಹುಮಾನ ಅದು. ಐನೂರು ಸೀಟಿಗಿಂತ ಕಡಿಮೆ ಇರುವ ಥಿಯೇಟರಿನ ನಾಟಕ ಅಲ್ಲಿ ಲೆಕ್ಕಕ್ಕೇ ಇಲ್ಲ. ನಮ್ಮಲ್ಲಿ ಐನೂರು ಕುರ್ಚಿ ಬಾಡಿಗೆಗೆ ತರುವುದೇ ಒಂದು ಸಾಹಸ, ಆ ಮಾತು ಬೇರೆ. 1960ರಲ್ಲಿ ಅವರು ‘ಫಿಯೊರೆಲ್ಲೊ’ ಮತ್ತು ‘ದಿ ಸೌಂಡ್ ಆಫ್ ಮ್ಯೂಸಿಕ್’ ಎರಡಕ್ಕೂ ಶ್ರೇಷ್ಠ ಸಂಗೀತ ನಾಟಕದ ಬಹುಮಾನ ಹಂಚಿದ್ದರು ಅಂತ ಸಮಿತಿಯ ಮುಂದೆ ಇಟ್ಟೆ. ಅಮೆರಿಕದವರೇ ಮಾಡಿದ್ದಾರೆ ಅಂದ ಮೇಲೆ ಯಾರೂ ತುಟಿಪಿಟಕ್ ಅನ್ನಲಿಲ್ಲ. ನಗದು ಅರ್ಧ ಅರ್ಧ, ಪರ್ಯಾಯ ಫಲಕ ಆರು ಆರು ತಿಂಗಳು. ಮೊದಲ ಆರು ತಿಂಗಳು ಇಟ್ಟುಕೊಂಡವರ ಮನೆಯಿಂದ ಫಲಕ ಇನ್ನೂ ಹೊರಟಿಲ್ಲ.

ಟೋನಿಯವರಿಂದ ಇನ್ನೊಂದು ಉಪಾಯ ಕದ್ದೆ. ಟೋನಿ ಶುರುವಾದದ್ದು 1947ರಲ್ಲಿ. ನಟಿ, ನಿರ್ದೇಶಕಿ ಆಂಟೊಯಿನೆಟ್ ಪೆರಿ ಅದರ ಹಿಂದಿನ ವರ್ಷ ತೀರಿಕೊಂಡಿದ್ದರು, ಆಕೆಯ ನೆನಪಿಗೆ ಆ ಹೆಸರು. ಮೊದಲೆರಡು ವರ್ಷ ಪದಕವೇ ಇರಲಿಲ್ಲ. ಪ್ರಶಸ್ತಿಪತ್ರದ ಜೊತೆಗೆ ಗಂಡಸರಿಗೆ ಸಿಗರೇಟ್ ಲೈಟರಿನಂಥದ್ದು, ಹೆಂಗಸರಿಗೆ ಪೌಡರಿನ ಡಬ್ಬಿ. (ನಾವೂ ಒಂದು ವರ್ಷ ದುಡ್ಡಿಲ್ಲದೆ ಸ್ಟೀಲಿನ ಟಿಫಿನ್ ಡಬ್ಬಿ ಕೊಟ್ಟಿದ್ದೇವೆ, ನಾಚಿಕೆ ಏನಿಲ್ಲ.) ಕಣದಲ್ಲಿ ಯಾರ‍್ಯಾರಿದ್ದಾರೆ ಎಂದು ಮೊದಲೇ ಹೆಸರು ಹೇಳುವ ಪದ್ಧತಿ ಅಲ್ಲಿ ಬಂದದ್ದು 1956ರಲ್ಲಿ. ನಾವೂ ಬಹುಮಾನವನ್ನು ಮೂರನೆಯ ಸಂಜೆಗೆ ದೂಡಿ, ಆ ದಿನ ಬೆಳಿಗ್ಗೆ ಒಂದೊಂದು ವಿಭಾಗಕ್ಕೆ ಮೂರು ಹೆಸರು ಬರೆದು ಶಾಲೆಯ ಗೇಟಿಗೆ ಅಂಟಿಸಲು ಶುರು ಮಾಡಿದೆವು. ಹೆಸರು ಇರುವವರು ಸಂಜೆ ಅಜ್ಜಿ, ಅತ್ತೆ, ಮಕ್ಕಳನ್ನೆಲ್ಲ ಜೀಪಿನಲ್ಲಿ ತುಂಬಿಸಿಕೊಂಡು ಬರುತ್ತಾರೆ. ಇಲ್ಲದವರು ಗೇಟಿನ ಹತ್ತಿರವೇ ಬೈದು ಮುಗಿಸುತ್ತಾರೆ. ಸಭೆ ಶಾಂತ.

ಹಾಡಿನ ವಿಷಯದಲ್ಲಂತೂ ನಮಗೆ ದಾರಿ ತೋರಿಸಿದ್ದು ಟೋನಿಯವರೇ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರಿನವರು ನಾವು. ಹಾಡು, ಚೆಂಡೆ ಇಲ್ಲದ್ದನ್ನು ಆಟ ಅಂತ ಒಪ್ಪಲು ನಮ್ಮ ಹಿರಿಯರಿಗೆ ಮನಸ್ಸೇ ಬರುವುದಿಲ್ಲ. ಹಾಗಾಗಿ ಹಾಡಿನ ನಾಟಕಕ್ಕೆ ಮೊದಲ ದೃಶ್ಯದಲ್ಲೇ ಹತ್ತು ಮಾರ್ಕು ಹೆಚ್ಚಿಗೆ ಬಿದ್ದಿರುತ್ತಿತ್ತು, ಬರೀ ಮಾತಿನ ನಾಟಕದವರು ಎಷ್ಟು ಬೆವರು ಸುರಿಸಿದರೂ ಎರಡನೆಯವರು. ಟೋನಿಯಲ್ಲಿ ಎರಡಕ್ಕೂ ಬೇರೆ ಬೇರೆ ಬಹುಮಾನ, ನಟನೆಗೂ ಬೇರೆ. ಆರು ತಂಡಕ್ಕೆ ಅಷ್ಟೆಲ್ಲ ಮಾಡಿದರೆ ಬಂದವರಿಗೆಲ್ಲ ಬಹುಮಾನ ಕೊಟ್ಟ ಹಾಗಾಗುತ್ತದೆ. ನಾವು ರಂಗಸಂಗೀತಕ್ಕೆ ಒಂದು ಪ್ರತ್ಯೇಕ ಬಹುಮಾನ ಇಟ್ಟು, ಉಳಿದ ಯಾವ ವಿಭಾಗದಲ್ಲೂ ಹಾಡಿಗೆ ಮಾರ್ಕು ಹಾಕಬಾರದು ಎಂದು ಹಾಳೆಯ ತಲೆಯಲ್ಲೇ ಅಚ್ಚು ಹಾಕಿಸಿದೆವು. ಪೂರ್ತಿ ಸರಿಹೋಯಿತು ಅಂತ ಹೇಳಲಾರೆ. ಭಾಗವತಿಕೆಯ ಗಂಟಲು ಇರುವ ನಟ ಬಾಯಿ ತೆರೆದರೆ ತೀರ್ಪುಗಾರರ ಪೆನ್ನು ತಾನಾಗಿ ಮೇಲೇರುತ್ತದೆ.

ಇನ್ನು ಸ್ಮರಣಿಕೆ. ಗಡಿನಾಡಿನವರಿಗೆ ಮಾತ್ರ ಇರುವ ಕಷ್ಟ ಇದು. ಪೇಟೆಯ ಅಂಗಡಿಯಲ್ಲಿ ಅಕ್ಷರ ಕೊರೆಯುವ ಹುಡುಗನಿಗೆ ಕನ್ನಡ ಓದಲು ಬಾರದು. ಕನ್ನಡದ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲು ಅವನ ಕಂಪ್ಯೂಟರಿನಲ್ಲಿ ತೆರೆದರೆ ಇರುವೆ ಸಾಲು. ಸರಿ, ಹೆಸರುಗಳನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಹೋಗಿ ನೋಡಿದರೆ ಹದಿನಾಲ್ಕು ಫಲಕದಲ್ಲೂ ಒತ್ತಕ್ಷರಗಳು ಮುರಿದು ‘ಅತ್‌ಯುತ್‌ತಮ ನಟ’ ಅಂತ ಹೊಳೆಯುತ್ತಿದೆ. ಅಂಚು ಒರೆಸಿ, ಬೆಳಕಿಗೆ ಹಿಡಿದು ತೋರಿಸುತ್ತ ಹುಡುಗ ಮಲಯಾಳದಲ್ಲಿ ಕೇಳಿದ, “ಶರಿಯಲ್ಲೇ ಚೇಟ್ಟಾ?” (ಸರಿ ಉಂಟಲ್ಲ ಅಣ್ಣಾ?) ಪಾಪ, ಅವನ ಕೆಲಸ ನಿಜವಾಗಿ ಚೊಕ್ಕವಾಗಿಯೇ ಇತ್ತು. ಆ ವರ್ಷ ಹಾಗೆಯೇ ಕೊಟ್ಟೆವು. ಈಗ ಮೊದಲು ಕನ್ನಡ ಗೊತ್ತಿರುವ ಡಿಟಿಪಿಯವರ ಹತ್ತಿರ ಅಕ್ಷರಗಳನ್ನು ಚಿತ್ರವಾಗಿ ಮಾಡಿಸಿಕೊಂಡು ಹೋಗುತ್ತೇನೆ, ಜೊತೆಗೆ ಕಾಗದದಲ್ಲಿ ಒಂದು ಪ್ರತಿ. ಮೊದಲ ಫಲಕ ಕೊರೆದು ಮುಗಿಯುವ ತನಕ ಅಂಗಡಿಯ ಸ್ಟೂಲ್ ಬಿಟ್ಟು ಏಳುವುದಿಲ್ಲ.

ಟೋನಿಯಲ್ಲಿ ಗೆದ್ದವರ ಮಾತು ಉದ್ದವಾದರೆ ವಾದ್ಯದವರು ಬಾರಿಸಲು ಶುರು ಮಾಡುತ್ತಾರಂತೆ. ನಮ್ಮಲ್ಲಿ ಗೆದ್ದವರು ಮಾತೇ ಆಡುವುದಿಲ್ಲ, ನಾಚಿಕೊಂಡು ಇಳಿದು ಹೋಗುತ್ತಾರೆ. ಮಾತಾಡುವವರು ಅತಿಥಿಗಳು. ಅವರ ಮೇಲೆ ಚೆಂಡೆ ಬಾರಿಸುವ ಧೈರ್ಯ ಯಾರಿಗುಂಟು?

ಕೊನೆಗೆ ಬೆಳಕು ಮತ್ತು ಧ್ವನಿಯ ಬಹುಮಾನ. ಇದಕ್ಕಾಗಿ ಮೂರು ವರ್ಷ ಜಗಳ ಮಾಡಿದ್ದೇನೆ. “ಅವನಿಗೆಂತ ಬಹುಮಾನ, ಬಾಡಿಗೆ ಕೊಡ್ತೇವಲ್ಲ” ಅಂತ ಖಜಾಂಚಿಗಳು. ಟೋನಿಯವರೂ 2014ರಲ್ಲಿ ಧ್ವನಿ ವಿನ್ಯಾಸದ ಪ್ರಶಸ್ತಿ ಕೈಬಿಟ್ಟಿದ್ದರು, ರಂಗದವರೆಲ್ಲ ಬೊಬ್ಬೆ ಹಾಕಿದ ಮೇಲೆ ಕೆಲವು ವರ್ಷ ಕಳೆದು ವಾಪಸ್ ತಂದರು. ಈ ಸಲ ಅಮೆರಿಕದ ಹೆಸರು ಕೆಲಸ ಮಾಡಲಿಲ್ಲ, ನನ್ನ ಜೇಬಿನಿಂದ ದುಡ್ಡು ಹಾಕುತ್ತೇನೆ ಅಂದದ್ದು ಕೆಲಸ ಮಾಡಿತು.

ಮೊದಲ ವರ್ಷ ಬೆಳಕಿನ ಬಹುಮಾನ ಬಂದದ್ದು ನಮ್ಮೂರಿನ ವಯರಿಂಗ್ ಹುಡುಗನಿಗೆ. ಒಂದು ನಾಟಕದಲ್ಲಿ ಚಿಮಿಣಿ ದೀಪ ಆರುವ ದೃಶ್ಯಕ್ಕೆ ಅವನು ಡಿಮ್ಮರನ್ನು ಎಷ್ಟು ನಿಧಾನ ಇಳಿಸಿದ್ದನೆಂದರೆ, ಮುಂದಿನ ಸಾಲಿನ ಹೆಂಗಸರು ಕತ್ತಲಾದದ್ದು ತಿಳಿಯದೆ ಕಣ್ಣು ಉಜ್ಜಿಕೊಂಡಿದ್ದರಂತೆ. ಹೆಸರು ಕರೆದೆವು. ಅಧ್ಯಕ್ಷರು ಶಾಲು ಬಿಡಿಸಿ ಹಿಡಿದು ನಿಂತರು. ಹುಡುಗ ಬರುವುದು ಕಾಣಲಿಲ್ಲ. ಮತ್ತೆ ಕರೆದೆವು. ಅಷ್ಟರಲ್ಲಿ ವೇದಿಕೆ ಪೂರ್ತಿ ಕತ್ತಲು. ಆಮೇಲಷ್ಟೇ ನಮಗೆ ಹೊಳೆದದ್ದು, ಸಭೆಯ ಲೈಟು ನೋಡಿಕೊಳ್ಳಲು ನಿಲ್ಲಿಸಿದ್ದೂ ಅವನನ್ನೇ. ಗಡಿಬಿಡಿಯಲ್ಲಿ ಏಳುವಾಗ ಕಾಲು ವಯರಿಗೆ ಸಿಕ್ಕಿ ಪ್ಲಗ್ ಕಿತ್ತು ಬಂದಿತ್ತು. ಕತ್ತಲಲ್ಲೇ ಅವನು ಹಿಂದೆ ಓಡುವ ಸದ್ದು, ಯಾರದೋ ಕುರ್ಚಿ ಬಿದ್ದ ಸದ್ದು. ಲೈಟು ಬಂದಾಗ ಅವನು ಮೈದಾನದ ಆ ತುದಿಯಲ್ಲಿ ಪ್ಲಗ್ ಒತ್ತಿ ಹಿಡಿದುಕೊಂಡು ಕೂತಿದ್ದಾನೆ, ವೇದಿಕೆಯಲ್ಲಿ ಅಧ್ಯಕ್ಷರು ನಮ್ಮ ಖಜಾಂಚಿಗಳಿಗೆ ಶಾಲು ಹೊದಿಸಿ ಮುಗಿಸಿದ್ದಾರೆ.