ನಕ್ಷೆಯಲ್ಲಿ ವಿಮಾನ ಮಾಯವಾಗುವ ಜಾಗ: ನನ್ನ ಅನುಭವ

ವಿಮಾನಗಳು ತಾವೆಲ್ಲಿದ್ದೇವೆ ಅಂತ 1090 ಮೆಗಾಹರ್ಟ್ಸ್‌ನಲ್ಲಿ ರೇಡಿಯೋ ಮೆಸೇಜ್ ಕಳಿಸುತ್ತಿರುತ್ತವೆ. ನನ್ನಂಥ ಹವ್ಯಾಸಿಗಳು ಮನೆ ಮೇಲೆ ಆಂಟೆನಾ ಇಟ್ಟು ಅದನ್ನು ಹಿಡಿಯುತ್ತೇವೆ, ವಿಮಾನ ತೋರಿಸುವ ಸೈಟ್‌ಗಳ ನಕ್ಷೆ ತುಂಬುವುದು ಹೀಗೆ. ಆದರೆ ಸೇನೆಯ ವಾಯುಪ್ರದೇಶದ ಅಂಚಿಗೆ ಬಂದ ಕೂಡಲೇ ವಿಮಾನ ನಕ್ಷೆಯಿಂದ ಮಾಯ. ಎಷ್ಟೋ ದೂರ ಹೋದ ಮೇಲೆ ಮತ್ತೆ ಪ್ರತ್ಯಕ್ಷ. "ಸೇನೆಯವರು ಜಾಮ್ ಮಾಡ್ತಾರೆ, ಇಲ್ಲಾ ಸೈಟ್‌ನವರೇ ಮುಚ್ಚಿಡ್ತಾರೆ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂತ ಜೊತೆಯವರೆಲ್ಲ ಹೇಳಿದ್ದರು. ಅಸಲಿ ಕಾರಣ ಹುಡುಕಲು ಎರಡು ವರ್ಷದ ಹತ್ತಿರ ಹಿಡಿಯಿತು. ಈಗ ಒಂದು ಗ್ಯಾಪ್ (ವಿಮಾನ ಕಾಣದ ಜಾಗ) ತೋರಿಸಿದರೆ, ನನ್ನ ಲಾಗ್ ನೋಡಿ ಅದು ಯಾಕೆ ಬಂತು ಅಂತ ಹೇಳಬಲ್ಲೆ. ನನ್ನ ಲೆಕ್ಕದಲ್ಲಿ ಹತ್ತರಲ್ಲಿ ಆರೇಳಕ್ಕೆ ಸೇನೆ ಕಾರಣವೇ ಅಲ್ಲ. ಕಾರಣ ನಮ್ಮ ಆಂಟೆನಾ.

ಮೊದಲು ದುಡ್ಡು ಹೋದ ಕಥೆ. ಸಿಗ್ನಲ್ ಕಮ್ಮಿ ಅಂದುಕೊಂಡು ಆಂಪ್ಲಿಫೈಯರ್ ತಂದೆ. ಗ್ಯಾಪ್ ಇನ್ನೂ ದೊಡ್ಡದಾಯಿತು. ಅದಕ್ಕಿಂತ ದುಬಾರಿಯದು ತಂದೆ. ಮತ್ತೂ ಕೆಟ್ಟಿತು. ಎರಡಕ್ಕೂ ಸುರಿದ ದುಡ್ಡಲ್ಲಿ ಇನ್ನೊಂದು ಪೂರ್ತಿ ಸ್ಟೇಷನ್ ಕಟ್ಟಬಹುದಿತ್ತು. ಸೇನಾ ನೆಲೆಗಳ ಟ್ಯಾಕಾನ್, ಅಂದರೆ ವಿಮಾನಗಳಿಗೆ ದಾರಿ ತೋರಿಸುವ ರೇಡಿಯೋ, ಕೆಲಸ ಮಾಡುವುದೇ 960ರಿಂದ 1215 ಮೆಗಾಹರ್ಟ್ಸ್ ಒಳಗೆ. ನಮ್ಮ 1090 ಅದರ ನಡುವೆ ಸಿಕ್ಕಿಕೊಂಡಿದೆ. ರಾಡಾರ್‌ಗಳು ಬೇರೆ. ಆಂಪ್ಲಿಫೈಯರ್ ಹಾಕಿದರೆ ಆ ಗದ್ದಲವೂ ಜೋರಾಗುತ್ತದೆ, ಅಲ್ವಾ? ಡಾಂಗಲ್‌ಗೆ (ಸಿಗ್ನಲ್ ಹಿಡಿಯುವ ಪುಟ್ಟ ಯುಎಸ್‌ಬಿ ರಿಸೀವರ್) ಕಿವಿಯೇ ಕೇಳಿಸದ ಹಾಗಾಗಿತ್ತು. 1090ರ ಆಸುಪಾಸು ಬಿಟ್ಟು ಉಳಿದದ್ದನ್ನು ತಡೆಯುವ ಸಾ (SAW) ಫಿಲ್ಟರ್ ಅನ್ನು ಆಂಪ್ಲಿಫೈಯರ್ ಮುಂದೆ ಕೂರಿಸಿ, ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಇಳಿಸಿದೆ. ಮೆಸೇಜ್‌ಗಳು ಹೆಚ್ಚು ಕಮ್ಮಿ ಒಂದೂವರೆ ಪಟ್ಟಾದವು. ಆ ಫಿಲ್ಟರ್‌ಗೆ ಕೊಟ್ಟಿದ್ದು ಎರಡನೇ ಆಂಪ್ಲಿಫೈಯರ್ ಬೆಲೆಯ ಕಾಲು ಭಾಗವೂ ಇಲ್ಲ.

ಅಸಲಿ ಕೆಲಸ ಶುರುವಾಗಿದ್ದು ಆಮೇಲೆ. ನಕ್ಷೆ ನೋಡುವುದನ್ನೇ ಬಿಟ್ಟೆ. ಮೆಸೇಜ್ ಬಿಡಿಸುವ ರೀಡ್‌ಎಸ್‌ಬಿ ಸಾಫ್ಟ್‌ವೇರ್‌ನಿಂದ ಕಚ್ಚಾ ಮೆಸೇಜ್ ಇಳಿಸಿಕೊಂಡು, ಪ್ರತಿ ಹೆಕ್ಸ್ ಕೋಡ್‌ಗೂ (ವಿಮಾನದ ಗುರುತಿನ ಸಂಖ್ಯೆ) ಎರಡು ಸಮಯ ಬರೆದಿಟ್ಟೆ: ಕೊನೆಯ ಪೊಸಿಷನ್ ಬಂದಿದ್ದು ಯಾವಾಗ, ಕೊನೆಯ ಯಾವುದೇ ಮೆಸೇಜ್ ಬಂದಿದ್ದು ಯಾವಾಗ. ಸಿಗ್ನಲ್ ನಿಧಾನವಾಗಿ ಕುಗ್ಗಿ ಎರಡೂ ಒಟ್ಟಿಗೆ ನಿಂತರೆ ಅದು ಕವರೇಜ್ ಕೊರತೆ. 10,000 ಮೀಟರ್ ಎತ್ತರದ ವಿಮಾನ 400 ಕಿ.ಮೀ. ದೂರದಿಂದಲೂ ಸಿಗಬಹುದು. 300 ಮೀಟರ್‌ಗೆ ಇಳಿದರೆ 70 ಕಿ.ಮೀ. ಸಿಕ್ಕಿದರೆ ಹೆಚ್ಚು. ಆ ಕಡೆ ಆಂಟೆನಾ ಇಟ್ಟವರೂ ಕಡಿಮೆ. ಸಿಗ್ನಲ್ ಜೋರಾಗಿದ್ದು, ಎತ್ತರ ಬರುತ್ತಲೇ ಇದ್ದು, ಪೊಸಿಷನ್ ಮಾತ್ರ ನಿಂತರೆ ಜಿಪಿಎಸ್ ಮೇಲೆ ಅನುಮಾನ ಪಡಿ. ಆಗ ಮೆಸೇಜ್‌ನಲ್ಲಿ ಟೈಪ್ ಕೋಡ್ 0 (ಪೊಸಿಷನ್ ಇಲ್ಲ ಅಂತ) ಕಾಣುತ್ತದೆ, ಇಲ್ಲಾ ಎನ್‌ಐಸಿ, ಅಂದರೆ ಪೊಸಿಷನ್ ಎಷ್ಟು ನಂಬಬಹುದು ಅನ್ನುವ ಅಂಕಿ, ಬಿದ್ದಿರುತ್ತದೆ. ಅಕ್ಕಪಕ್ಕದ ವಿಮಾನಗಳಿಗೂ ಅದೇ ನಿಮಿಷ ಹಾಗಾದರೆ ಅನುಮಾನ ಗಟ್ಟಿ. ಮೊದಲಿಂದಲೂ ಪೊಸಿಷನ್ ಇಲ್ಲದೆ ಬರೀ ಮೋಡ್ ಎಸ್ ಉತ್ತರ (ನೆಲದ ರಾಡಾರ್ ಕೇಳಿದ್ದಕ್ಕೆ ವಿಮಾನ ಕೊಡುವ ಜವಾಬು) ಬರುತ್ತಿದ್ದರೆ ಅದು ಗ್ಯಾಪ್ ಅಲ್ಲ. ಆ ವಿಮಾನ ಪೊಸಿಷನ್ ಕಳಿಸುತ್ತಲೇ ಇಲ್ಲ. ಸೇನಾ ವಿಮಾನಗಳಲ್ಲಿ ಇದು ಜಾಸ್ತಿ. ಅವುಗಳ ಲಾಗ್ ಮಾತ್ರ ನಾನು ಯಾರಿಗೂ ಕೊಡುವುದಿಲ್ಲ.

ಎರಡು ಸಮಯ ಹೋಲಿಸಲು ಎಷ್ಟು ಸೆಕೆಂಡಿನ ಅಂತರ ಇಟ್ಟುಕೊಂಡೆ, ಅಕ್ಕಪಕ್ಕದ ವಿಮಾನಗಳನ್ನು ಹೇಗೆ ಆರಿಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದಕ್ಕೇ ಏಳೆಂಟು ತಿಂಗಳು ಕೂತಿದ್ದೇನೆ.

ಸ್ಪೂಫಿಂಗ್, ಅಂದರೆ ನಕಲಿ ಜಿಪಿಎಸ್ ಸಿಗ್ನಲ್ ಕಳಿಸಿ ವಿಮಾನವನ್ನು ಯಾಮಾರಿಸುವುದು, ಹಿಡಿಯಲು ಇದಕ್ಕಿಂತ ಕಷ್ಟ. 2024ರಲ್ಲಿ ಮೆಡಿಟರೇನಿಯನ್ ಪೂರ್ವದಲ್ಲಿ ಹಾರುತ್ತಿದ್ದ ವಿಮಾನಗಳು ಬೈರೂತ್ ವಿಮಾನ ನಿಲ್ದಾಣದಲ್ಲಿ ನಿಂತ ಹಾಗೆ ಕಾಣುತ್ತಿದ್ದವು. ಅಲ್ಲಿ ಪೊಸಿಷನ್ ಬರುತ್ತಲೇ ಇರುತ್ತದೆ, ಆದರೆ ಸುಳ್ಳು. ನನ್ನ ಎರಡು ಸಮಯದ ಲೆಕ್ಕ ಇದನ್ನು ಹಿಡಿಯಲ್ಲ, ಎಮ್‌ಲ್ಯಾಟ್ ಬೇಕು: ಒಂದೇ ಮೆಸೇಜ್ ಬೇರೆ ಬೇರೆ ರಿಸೀವರ್‌ಗೆ ಮುಟ್ಟಿದ ಸಮಯದ ವ್ಯತ್ಯಾಸದಿಂದ ವಿಮಾನದ ಜಾಗ ಲೆಕ್ಕ ಹಾಕುವುದು.

ನಡುವೆ ಒಂದು ತವರದ ಡಬ್ಬಿ ಆಂಟೆನಾನೂ ಮಾಡಿದೆ. 69 ಮಿ.ಮೀ. ತಂತಿ, ಅಷ್ಟೇ. ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಕೊಂಡ ಆಂಟೆನಾದ ಮುಕ್ಕಾಲು ಪಾಲು ವಿಮಾನ ಹಿಡಿಯಿತು. ಆದರೆ ಉದ್ದ ಕೇಬಲ್ ಎಳೆದ ದಿನ ಸಿಗ್ನಲ್ ಕೇಬಲ್‌ನಲ್ಲೇ ಸೋರಿ ಅದರ ಆಟ ಮುಗಿಯಿತು. ಕೇಬಲ್ ಚಿಕ್ಕದಿರಲಿ, ರಾಸ್ಪ್‌ಬೆರಿ ಪೈ ಬೋರ್ಡನ್ನೇ (ಡಾಂಗಲ್ ಚುಚ್ಚುವ ಪುಟ್ಟ ಕಂಪ್ಯೂಟರ್) ಮೇಲೆ ಹತ್ತಿಸಿ.

ಉಳಿದ ಹಣ ಎರಡನೇ ರಿಸೀವರ್‌ಗೆ ಹೋಯಿತು. ವಾಯುಪ್ರದೇಶದ ಆಚೆ ಬದಿಯಲ್ಲಿ, ಗೆಳೆಯರ ಮನೆ ಮೇಲೆ ಇಟ್ಟೆ. ಸುಮಾರು 40 ಕಿ.ಮೀ. ಇದ್ದ ಗ್ಯಾಪ್ ಹತ್ತು ಹನ್ನೆರಡಕ್ಕೆ ಇಳಿಯಿತು. ಜಾಮಿಂಗ್ ಅಂದವರಿಗೆ ಮೊದಲು ಕಳಿಸಿದ್ದು ಅದೇ ಗ್ರಾಫ್. ಮೂರನೆಯದೂ ಈಗ ಓಡುತ್ತಿದೆ. ಎಮ್‌ಲ್ಯಾಟ್‌ಗೆ ನಾಲ್ಕು ರಿಸೀವರ್ ಬೇಕಲ್ವಾ, ನಾಲ್ಕನೆಯದರ ಫಿಲ್ಟರ್ ತಂದಿಟ್ಟಾಗಿದೆ. ಮಾಳಿಗೆ ಒಂದು ಸಿಗಬೇಕು.