ಹೆಸರು ಬೇಡ, ದಿನಾಂಕ ಕೊಡಿ

ಮಾಹಿತಿ ಹಕ್ಕು ಕಾಯ್ದೆಯಡಿ ಪೊಲೀಸ್ ಠಾಣೆಗೆ ಹಾಕಿದ ನನ್ನ ಮೊದಲ ಅರ್ಜಿಗೆ ಬಂದ ಉತ್ತರ ಒಂದೂವರೆ ಸಾಲಿನದು: ‘ಸದರಿ ಪ್ರಕರಣಗಳು ತನಿಖಾ ಹಂತದಲ್ಲಿರುವುದರಿಂದ ಕಲಂ 8(1)(ಎಚ್) ರಂತೆ ಮಾಹಿತಿ ನೀಡಲು ಅವಕಾಶವಿರುವುದಿಲ್ಲ.’ ಕೆಳಗೆ ಸಹಿ, ನೀಲಿ ಮೊಹರು. ಅಂದು ಸಿಟ್ಟು ಬಂದಿತ್ತು. ಈಗ ಆ ಅರ್ಜಿಯ ಪ್ರತಿಯನ್ನು ತೆಗೆದು ಓದಿದರೆ ನಾಚಿಕೆಯಾಗುತ್ತದೆ. ‘2019ರಿಂದ ಇಲ್ಲಿಯವರೆಗೆ ದಾಖಲಾದ ಎಲ್ಲ ಅಕ್ರಮ ಗರ್ಭಪಾತ ಪ್ರಕರಣಗಳ ಸಂಪೂರ್ಣ ಕಡತಗಳ ದೃಢೀಕೃತ ನಕಲು’ ಎಂದು ಬರೆದಿದ್ದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್‌ಗೆ ಠಾಣೆಯ ಬೀರುವನ್ನೇ ಹೊತ್ತು ತಂದುಕೊಡಿ ಎಂದ ಹಾಗೆ!

ನಾನು ಪತ್ರಿಕೆಗಳಿಗೆ ಬಿಡಿ ಬರಹ ಬರೆಯುವವಳು. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಭ್ರೂಣಲಿಂಗ ಪತ್ತೆ, ಗರ್ಭಪಾತ ಜಾಲದ ಎಳೆ ಮಂಡ್ಯದ ಆಲೆಮನೆಯೊಂದಕ್ಕೂ ಮೈಸೂರಿನ ಆಸ್ಪತ್ರೆಗೂ ಹೋಗಿ ಮುಟ್ಟಿತ್ತು. 900ರಷ್ಟು ಗರ್ಭಪಾತಗಳಾಗಿವೆ ಎಂದು ಪೊಲೀಸರು ಹೇಳಿದ್ದನ್ನು ಪತ್ರಿಕೆಗಳು ಬರೆದವು, ತನಿಖೆ ಸಿಐಡಿಗೆ ಹೋಯಿತು. ನಮ್ಮ ಕಡೆ ಆಲೆಮನೆ ಎಂದರೆ ಕೊಪ್ಪರಿಗೆಯ ಹಬೆ, ಎಲೆಯ ಮೇಲೆ ಹಾಕಿಕೊಡುವ ಬಿಸಿ ಬೆಲ್ಲ. ಅಲ್ಲಿ ಸ್ಕ್ಯಾನಿಂಗ್ ಯಂತ್ರ ಇತ್ತು ಎಂದು ಓದಿದ ಮೇಲೆ ನನ್ನ ತಲೆ ಕೊರೆದದ್ದು ಬೇರೆ ಪ್ರಶ್ನೆ. ಇಷ್ಟು ದೊಡ್ಡ ಸುದ್ದಿಯಾಗುವ ಮುಂಚೆಯೂ ಸಣ್ಣಪುಟ್ಟ ಪ್ರಕರಣಗಳು ದಾಖಲಾಗಿರಲೇಬೇಕು. ಅವು ಎಲ್ಲಿ ನಿಂತವು? ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತೇ, ಸಾಕ್ಷ್ಯವಿಲ್ಲವೆಂದು ಪ್ರಕರಣ ಮುಗಿಸುವ ಬಿ ರಿಪೋರ್ಟ್ ಆಯಿತೇ, ನ್ಯಾಯಾಲಯದಲ್ಲಿ ಕೊಳೆಯುತ್ತಿವೆಯೇ?

ಎರಡನೆಯ ಅರ್ಜಿ ಬರೆಯುವ ಮುಂಚೆ ಹಿರಿಯ ವಕೀಲರೊಬ್ಬರ ಬಳಿ ಹೋದೆ. ಅವರು ನನ್ನ ಅರ್ಜಿಯನ್ನು ಓದಿ, ಕನ್ನಡಕ ಮೇಲೆತ್ತಿ, ‘ಅಲ್ಲಮ್ಮಾ, ಇದು ಎರಡು ಬೀರುಗಳ ವಿಷಯ, ನೀನು ಒಂದರ ಬಾಗಿಲು ಮಾತ್ರ ತಟ್ಟುತ್ತಿದ್ದೀಯ’ ಎಂದರು. ಆ ಮಾತು ನನ್ನ ತಿಂಗಳುಗಳನ್ನು ಉಳಿಸಿತು. ಭ್ರೂಣಲಿಂಗ ಪತ್ತೆಗೆ ಸಂಬಂಧಿಸಿದ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಕಲಂ 28ರ ಪ್ರಕಾರ ಸಕ್ಷಮ ಪ್ರಾಧಿಕಾರ (ಕಾಯ್ದೆಯ ಜಾರಿಗೆ ಸರ್ಕಾರ ನೇಮಿಸಿದವರು), ಅದರಿಂದ ಅಧಿಕಾರ ಪಡೆದ ಅಧಿಕಾರಿ, ಇಲ್ಲವೇ ಮೊದಲೇ ನೋಟಿಸ್ ಕೊಟ್ಟ ವ್ಯಕ್ತಿ ನೇರವಾಗಿ ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ಅದನ್ನು ಕೈಗೆತ್ತಿಕೊಳ್ಳುತ್ತದೆ. ಸಾಧ್ಯವಾದಷ್ಟೂ ಪೊಲೀಸರನ್ನು ತನಿಖೆಗೆ ಎಳೆಯಬೇಡಿ ಎಂದು ನಿಯಮ 18ಎ ಹೇಳುತ್ತದೆ. ಹಾಗಾಗಿ ಸ್ಕ್ಯಾನಿಂಗ್ ಕೇಂದ್ರದ ಮೇಲಿನ ದಾಳಿಯ ಕಡತ ಸಾಮಾನ್ಯವಾಗಿ ಇರುವುದು ಆರೋಗ್ಯ ಇಲಾಖೆಯ ಕಡೆ. ಗರ್ಭಪಾತದ್ದು ಹಾಗಲ್ಲ. ಹಿಂದಿನ ದಂಡ ಸಂಹಿತೆಯ 312ರಿಂದ 316, 2024ರ ಜುಲೈ 1ರಿಂದೀಚೆಗೆ ಭಾರತೀಯ ನ್ಯಾಯ ಸಂಹಿತೆಯ 88ರಿಂದ 92. ಇವುಗಳಲ್ಲಿ ದಾಖಲಾದದ್ದಕ್ಕೆ ಠಾಣೆಯಲ್ಲಿ ಅಪರಾಧ ಸಂಖ್ಯೆ ಇರುತ್ತದೆ. ‘ನಮ್ಮಲ್ಲಿ ಅಂಥ ಕಡತ ಇಲ್ಲ’ ಎಂದು ಠಾಣೆಯವರು ಹೇಳಿದಾಗ ಕೆಲವೊಮ್ಮೆ ಅದು ನಿಜವೇ ಆಗಿರುತ್ತದೆ. ನಾನು ಅದನ್ನು ತಪ್ಪಿಸಿಕೊಳ್ಳುವ ಉಪಾಯವೆಂದೇ ಎಣಿಸಿದ್ದೆ.

ಹೊಸ ಅರ್ಜಿಯನ್ನು ಕೋಷ್ಟಕದ ರೂಪದಲ್ಲಿ ಬರೆದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಈ ಮಿತಿಯನ್ನು ಮೊದಮೊದಲು ಬೈದುಕೊಂಡಿದ್ದೆ, ಆಮೇಲೆ ಅದೇ ನನ್ನನ್ನು ತಿದ್ದಿತು. ಅಪರಾಧ ಸಂಖ್ಯೆ, ದಾಖಲಾದ ದಿನಾಂಕ, ಹಾಕಿದ ಕಲಂಗಳು, ಅಂತಿಮ ವರದಿಯ ಸ್ವರೂಪ ಮತ್ತು ದಿನಾಂಕ, ನ್ಯಾಯಾಲಯ ಪ್ರಕರಣಕ್ಕೆ ಕೊಡುವ ಸಿ.ಸಿ. ಸಂಖ್ಯೆ. ಇಷ್ಟೇ ಅಂಕಣಗಳು. ಕೊನೆಯಲ್ಲಿ ಒಂದು ವಾಕ್ಯ: ‘ಮಹಿಳೆಯರ, ಅವರ ಕುಟುಂಬದವರ ಹೆಸರು, ವಯಸ್ಸು, ಊರು ನನಗೆ ಬೇಡ, ದಾಖಲೆಯಲ್ಲಿದ್ದರೆ ಕಲಂ 10ರಂತೆ ಮರೆಮಾಡಿ ಕೊಡುವುದು.’ ಬೇಡವೆಂದು ನಾವೇ ಬರೆದುಕೊಟ್ಟರೆ, ಹೆಣ್ಣುಮಕ್ಕಳ ಗೌಪ್ಯತೆಯ ಹೆಸರಿನಲ್ಲಿ ಇಡೀ ಕಡತವನ್ನು ಮುಚ್ಚಿಡುವ ದಾರಿ ಕಿರಿದಾಗುತ್ತದೆ.

ಆದರೂ ನಿರಾಕರಣೆಯೇ ಬಂತು, ಅದೇ ಒಂದೂವರೆ ಸಾಲು. ಮೂವತ್ತು ದಿನಗಳೊಳಗೆ ಮೊದಲ ಮೇಲ್ಮನವಿ ಹಾಕಿದೆ. ಭಗತ್ ಸಿಂಗ್ ಎಂಬ ಮಾಹಿತಿ ಅರ್ಜಿದಾರರೊಬ್ಬರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿದ್ದನ್ನು ಅದರಲ್ಲಿ ಉಲ್ಲೇಖಿಸಿದ್ದೆ: ತನಿಖೆ ನಡೆಯುತ್ತಿದೆ ಎಂಬುದೊಂದೇ ಸಾಲದು, ಮಾಹಿತಿ ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿಯಾಗುತ್ತದೆ ಎಂಬುದನ್ನು ಅಧಿಕಾರಿ ತೋರಿಸಬೇಕು. ನಿರಾಕರಣೆ ಸರಿಯೆಂದು ಸಾಬೀತುಪಡಿಸುವ ಹೊಣೆ ಕಲಂ 19(5)ರಂತೆ ಅವರದೇ. ಬಿ ರಿಪೋರ್ಟ್ ಹಾಕಿ ಮುಗಿಸಿದ ಪ್ರಕರಣದ ದಿನಾಂಕ ಯಾವ ತನಿಖೆಗೆ ಅಡ್ಡಿ?

ವಿಚಾರಣೆ ಹತ್ತು ನಿಮಿಷವೂ ನಡೆಯಲಿಲ್ಲ. ಮೇಲ್ಮನವಿ ಅಧಿಕಾರಿ ಸೌಜನ್ಯದವರು, ಕುರ್ಚಿ ತೋರಿಸಿ ಕೂರಿಸಿದರು.

‘ಇದೆಲ್ಲ ನಿಮಗೇಕೆ ಮೇಡಂ?’

ಕಾರಣ ಹೇಳಬೇಕಿಲ್ಲ ಎಂದು ಕಲಂ 6(2) ಇದೆ. ಅದನ್ನು ಮುಖಕ್ಕೆ ಹಿಡಿದರೆ ಕೆಲಸ ಕೆಡುತ್ತದೆ ಎಂದು ನನಗೆ ಅನಿಸುತ್ತದೆ. ಬರೆಯಬೇಕೆಂದಿದ್ದೇನೆ ಎಂದೆ.

‘ಹೆಣ್ಣುಮಕ್ಕಳ ವಿಷಯ. ನಾಳೆ ಹೆಸರು ಹೊರಗೆ ಬಂದರೆ ಯಾರು ಹೊಣೆ?’

‘ಸರ್, ಹೆಸರು ಕೇಳಿಯೇ ಇಲ್ಲ. ದಿನಾಂಕ ಕೇಳಿದ್ದೇನೆ.’

ಅವರು ಅರ್ಜಿಯನ್ನು ಇನ್ನೊಮ್ಮೆ ಓದಿದರು. ಹದಿನೈದು ದಿನಗಳಲ್ಲಿ ಕೊಡುವಂತೆ ಆದೇಶ ಮಾಡಿದರು.

ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿ ಲಕೋಟೆ ತರಿಸಿಕೊಂಡೆ. ಕೋಷ್ಟಕ ಬಂದಿತ್ತು, ಅಚ್ಚುಕಟ್ಟಾಗಿಯೇ ಇತ್ತು. ಅದರ ಹಿಂದೆ, ನಾನು ಕೇಳದೇ ಇದ್ದ ಒಂದು ಹಾಳೆ ಪಿನ್ ಆಗಿತ್ತು. ಜಪ್ತಿ ಮಹಜರಿನ ಮೂರನೆಯ ಪುಟ. ಕ್ಲಿನಿಕ್‌ನಿಂದ ವಶಪಡಿಸಿಕೊಂಡ ರಿಜಿಸ್ಟರ್‌ನ ನಮೂದುಗಳನ್ನು ಯಾರೋ ಬಾಲ್‌ಪೆನ್ನಿನಲ್ಲಿ ನಿಧಾನವಾಗಿ ನಕಲು ಮಾಡಿದ್ದರು. ಹೆಂಗಸಿನ ಹೆಸರು, ಕೋಂ ಎಂದು ಗಂಡನ ಹೆಸರು, ಊರು, ವಯಸ್ಸು. ಒಂದು ಸಾಲಿನ ಕೊನೆಯಲ್ಲಿ ‘ಹೆಣ್ಣು 2’ ಎಂದಿತ್ತು. ಮೊದಲೇ ಇರುವ ಮಕ್ಕಳ ಲೆಕ್ಕ.

ಆ ಊರು ನನಗೆ ಗೊತ್ತು. ಬಸ್ಸು ಅಲ್ಲಿ ನಿಂತು ಹೋಗುತ್ತದೆ.

ಹಾಳೆಯನ್ನು ಮಗುಚಿ ಇಟ್ಟೆ. ಗರ್ಭಪಾತದ ಕಾಯ್ದೆಯ ಕಲಂ 5ಎ ಪ್ರಕಾರ ಮಹಿಳೆಯ ಗುರುತನ್ನು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ದಾಖಲಾತಿ ರಿಜಿಸ್ಟರ್ ರಹಸ್ಯ ದಾಖಲೆ ಎಂದು ಅದರ ನಿಯಮಾವಳಿ ಹೇಳುತ್ತದೆ. ಅದೇ ರಿಜಿಸ್ಟರ್ ಪೊಲೀಸರ ಕೈಗೆ ಬಂದ ಕೂಡಲೇ ಒಂದು ಜಪ್ತಿ ವಸ್ತುವಾಗುತ್ತದೆ, ಬಕೆಟ್ಟು, ಸ್ಟೆತಾಸ್ಕೋಪಿನ ಜೊತೆಗೆ ಮಹಜರಿನಲ್ಲಿ ಸಾಲಾಗಿ ಕೂರುತ್ತದೆ. ಅದೂ ಎಂಥವರ ಹೆಸರು? ಲಿಂಗ ಪತ್ತೆಯ ಪ್ರಕರಣದಲ್ಲಿ ಗಂಡ ಮತ್ತು ಮನೆಯವರು ಆಕೆಯನ್ನು ಬಲವಂತ ಮಾಡಿದ್ದಾರೆ ಎಂದೇ ಮೊದಲು ಭಾವಿಸಬೇಕು ಎನ್ನುತ್ತದೆ 1994ರ ಕಾಯ್ದೆ. ಗರ್ಭಪಾತದ ದಂಡ ಕಲಮಿಗೆ ಸೇರಿಸಿರುವ ವಿವರಣೆ ಮಾತ್ರ ಆಕೆಯನ್ನೂ ಅಪರಾಧಿಯ ಸಾಲಿಗೆ ತಂದು ನಿಲ್ಲಿಸಬಲ್ಲದು.

ಮರೆಮಾಡುವ ಕೆಲಸ ನಾನು ಕಲಿತದ್ದು ಆ ಸಂಜೆ. ದಪ್ಪ ಕಪ್ಪು ಮಾರ್ಕರ್ ಎಳೆದು ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದೆ. ಬಾಲ್‌ಪೆನ್ನಿನ ಒತ್ತು ಹಿಂದಿನಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಕಪ್ಪು ಮಾಡಿದ್ದನ್ನು ಜೆರಾಕ್ಸ್ ಮಾಡಿ, ಆ ಜೆರಾಕ್ಸನ್ನೂ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಅದು ಮರೆಯಾದ ಹಾಗೆ. ಹೆಸರೊಂದನ್ನು ಅಳಿಸಿದರೆ ಸಾಲದು ಎಂಬುದೂ ಆಗಲೇ ತಿಳಿಯಿತು. ಮುನ್ನೂರು ಮನೆಗಳ ಊರಿನಲ್ಲಿ ವಯಸ್ಸು, ತಿಂಗಳು, ‘ಹೆಣ್ಣು 2’ ಇಷ್ಟು ಸಿಕ್ಕರೆ ಅಂಗನವಾಡಿಯ ಮುಂದೆ ನಿಂತವರು ಆಕೆ ಯಾರೆಂದು ಹೇಳಿಬಿಡುತ್ತಾರೆ. ಆಮೇಲಿನ ನನ್ನ ಬರಹಗಳಲ್ಲಿ ಊರಿನ ಬದಲು ಜಿಲ್ಲೆ, ದಿನಾಂಕದ ಬದಲು ವರ್ಷ ಎಂದಷ್ಟೇ ಹಾಕಿದ್ದೇನೆ.

ಕೋಷ್ಟಕ ಕೈಗೆ ಬಂದ ಮೇಲೆ ಮುಂದಿನ ದಾರಿ ಸುಲಭ. ಸೂಕ್ಷ್ಮವಲ್ಲದ ಎಫ್‌ಐಆರ್‌ಗಳನ್ನು 24 ಗಂಟೆಗಳೊಳಗೆ ಜಾಲತಾಣಕ್ಕೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ನನ್ನ ಪಟ್ಟಿಯಲ್ಲಿದ್ದವುಗಳಲ್ಲಿ ಕೆಲವು ಅಲ್ಲಿ ಸಿಕ್ಕವು, ಕೆಲವು ಇಲ್ಲ. ದೋಷಾರೋಪ ಪಟ್ಟಿಯ ಮಾತು ಬೇರೆ. ಅದು ಸಾರ್ವಜನಿಕ ದಾಖಲೆಯಲ್ಲ, ಜಾಲತಾಣದಲ್ಲಿ ಹಾಕಬೇಕಿಲ್ಲ ಎಂದು ಅದೇ ನ್ಯಾಯಾಲಯ 2023ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಆದ್ದರಿಂದ ಅದಕ್ಕಾಗಿ ಠಾಣೆಯವರ ಜೊತೆ ಗುದ್ದಾಡದೆ, ನ್ಯಾಯಾಲಯಗಳ ಜಾಲತಾಣವಾದ ಇ-ಕೋರ್ಟ್ಸ್‌ನಲ್ಲಿ ಠಾಣೆ, ಅಪರಾಧ ಸಂಖ್ಯೆ, ವರ್ಷ ಹಾಕಿ ಪ್ರಕರಣ ಹುಡುಕುತ್ತೇನೆ. ತೀರ್ಪು ಬಂದಿದ್ದರೆ ಓದುತ್ತೇನೆ, ಇಲ್ಲದಿದ್ದರೆ ವಕೀಲರ ಮೂಲಕ ನಕಲು ಅರ್ಜಿ ಹಾಕಿಸುತ್ತೇನೆ. ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು.

ಈಗ ಹೊಸದಾಗಿ ಅರ್ಜಿ ಹಾಕುವವರಿಗೆ ದಾರಿ ಇನ್ನಷ್ಟು ಕಲ್ಲುಮುಳ್ಳು. ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಅವಕಾಶ ಕೊಡುವ ಕಲಂ 8(1)(ಜೆ) 2025ರ ನವೆಂಬರ್‌ನಲ್ಲಿ ಬದಲಾಗಿದೆ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬಹುದೆಂದು ಆ ಕಲಮಿನ ಒಳಗೇ ಇದ್ದ ಮಾತು ಹೋಗಿದೆ. ಉಳಿದಿರುವ ಊರುಗೋಲು, ಸಾರ್ವಜನಿಕ ಹಿತವೇ ಹೆಚ್ಚೆಂದಾದರೆ ಮಾಹಿತಿ ಕೊಡಬಹುದೆನ್ನುವ ಕಲಂ 8(2). ವೈದ್ಯರ ಹೆಸರು, ಅಧಿಕಾರಿಯ ಹೆಸರು ಕೂಡ ‘ವೈಯಕ್ತಿಕ’ ಎಂಬ ಉತ್ತರ ಬರಬಹುದು. ಆ ಹೆಂಗಸಿನ ಹೆಸರನ್ನೂ ಕ್ಲಿನಿಕ್ಕಿನ ಮಾಲೀಕನ ಹೆಸರನ್ನೂ ಒಂದೇ ಮುಸುಕಿನಲ್ಲಿ ಮುಚ್ಚುವ ನ್ಯಾಯ ನನಗಂತೂ ಒಪ್ಪಿಗೆಯಿಲ್ಲ.

ಕೋಷ್ಟಕದ ಒಂದು ಸಾಲಿನಲ್ಲಿ ಸಿ.ಸಿ. ಸಂಖ್ಯೆಯ ಜಾಗ ಖಾಲಿ ಇತ್ತು, ಅಂತಿಮ ವರದಿಯ ದಿನಾಂಕವೂ ಇರಲಿಲ್ಲ. ಅದರ ಮೇಲಿನ ಎರಡನೆಯ ಮೇಲ್ಮನವಿ ಮಾಹಿತಿ ಆಯೋಗವಿರುವ ಬೆಂಗಳೂರಿನ ಮಾಹಿತಿ ಸೌಧದಲ್ಲಿ ಸರದಿಯಲ್ಲಿದೆ. ಮಹಜರಿನ ಆ ಮೂಲ ಹಾಳೆಯನ್ನು ಲಕೋಟೆಗೆ ಹಾಕಿ, ‘ಇದು ನಾನು ಕೇಳಿದ್ದಲ್ಲ, ಇದರಲ್ಲಿ ಹೆಸರುಗಳಿವೆ, ದಯವಿಟ್ಟು ಮುಂದೆ ಹೀಗೆ ಯಾರಿಗೂ ಕಳುಹಿಸಬೇಡಿ’ ಎಂದು ಬರೆದು ಅದನ್ನು ಕಳುಹಿಸಿದ್ದ ಪೊಲೀಸ್ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಹಿಂದಿರುಗಿಸಿದೆ. ಮೂರು ವಾರಗಳ ನಂತರ ಉತ್ತರ ಬಂತು. ಅದೇ ನೀಲಿ ಮೊಹರು: ‘ತಾವು ಕೋರಿರುವ ಮಾಹಿತಿಯನ್ನು ಈಗಾಗಲೇ ಒದಗಿಸಲಾಗಿರುತ್ತದೆ. ತಮ್ಮ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.’