ಎಡಕ್ಕೆ ಜಾರುತ್ತಿದ್ದ ನನ್ನ ಆಸನವನ್ನು ಸರಿಪಡಿಸಿಕೊಂಡ ಬಗೆ

ನಾನು ಕುದುರೆ ಸವಾರಿ ಮಾಡುವಾಗ ಬಲ ಭುಜ ಕೆಳಗಿರುತ್ತದೆ ಎಂದು ನೋಡುವವರೆಲ್ಲ ಹೇಳುತ್ತಿದ್ದರು. ಆದರೆ ಹಿಂದಿನಿಂದ, ನೇರ ರೇಖೆಯಲ್ಲಿ ಕುದುರೆಯನ್ನು ನಡೆಸುತ್ತಾ ತೆಗೆಸಿಕೊಂಡ ವಿಡಿಯೊದಲ್ಲಿ ಕಂಡದ್ದು ಬೇರೆ. ಅಂಗಿಯ ಬೆನ್ನ ನಡುವೆ ಅಂಟಿಸಿದ್ದ ಬಿಳಿ ಪಟ್ಟಿ ಜೀನಿನ ಮಧ್ಯರೇಖೆಯಿಂದ ಎಡಕ್ಕೆ ಸರಿದಿತ್ತು. ಬಲ ಪಕ್ಕೆ ಕುಗ್ಗಿದ್ದರಿಂದ ಭುಜ ಬಲಕ್ಕೆ ಇಳಿದರೂ, ಸೊಂಟ ಎಡಕ್ಕೆ ಜಾರಿ, ಭಾರವೆಲ್ಲ ಎಡಗಡೆಯ ಕೂರುವ ಮೂಳೆಯ ಮೇಲೆ ಬೀಳುತ್ತಿತ್ತು.

ಇಂಥ ಸವಾರರಿಗೆ ಸಾಮಾನ್ಯವಾಗಿ ಸಿಗುವ ಸಲಹೆ, ಭಾರ ಬೀಳದೆ ಖಾಲಿ ಕಂಡ ಕಡೆಯ ರಿಕಾಬನ್ನು (ಜೀನಿನಿಂದ ತೂಗುವ, ಪಾದವಿಡುವ ಬಳೆ) ಬಲವಾಗಿ ಒತ್ತಿ ಎಂಬುದು. ಅದನ್ನು ನಾನು ಒಪ್ಪುವುದಿಲ್ಲ. ಬಲ ರಿಕಾಬನ್ನು ಒತ್ತಿದರೆ ಬಲಗಾಲು ಬಿಗಿದು, ಸೊಂಟ ಇನ್ನಷ್ಟು ಎಡಕ್ಕೆ ತಳ್ಳಲ್ಪಡುತ್ತದೆ.

ದೇಹವನ್ನು ತಿದ್ದುವ ಮೊದಲು ಸಲಕರಣೆಯನ್ನೂ ಕುದುರೆಯನ್ನೂ ಪರೀಕ್ಷಿಸಿದೆ. ಕುದುರೆಯನ್ನು ಎಡಗಡೆಯಿಂದಲೇ ಹತ್ತುವ ರೂಢಿಯಿಂದಾಗಿ ಎಡ ರಿಕಾಬಿನ ಚರ್ಮದ ಪಟ್ಟಿ ಕಾಲಕ್ರಮೇಣ ಹಿಗ್ಗುತ್ತದೆ. ಎಡ, ಬಲ ಪಟ್ಟಿಗಳೆರಡನ್ನೂ ಒಂದೇ ಮೊಳೆಗೆ ತೂಗುಹಾಕಿ ನೋಡಿದಾಗ, ಒಂದೇ ಸಂಖ್ಯೆಯ ತೂತುಗಳು ಒಂದೇ ಮಟ್ಟದಲ್ಲಿರಲಿಲ್ಲ. ಅಂದಿನಿಂದ ಪಟ್ಟಿಗಳನ್ನು ಆಗಾಗ ಅದಲುಬದಲು ಮಾಡುತ್ತೇನೆ, ಹತ್ತುವುದಕ್ಕೆ ಮೆಟ್ಟಿಲು ಬಳಸುತ್ತೇನೆ. ಜೀನು ಒಂದೇ ಕಡೆಗೆ ಜಾರುವುದಕ್ಕೆ ಕುದುರೆಯ ಹಿಂಗಾಲಿನ ಸಣ್ಣ ಕುಂಟೂ ಕಾರಣವಾಗಬಹುದಾದ್ದರಿಂದ, ಸಮನಾಗಿ ಕೂರಬಲ್ಲ ಇನ್ನೊಬ್ಬ ಸವಾರರನ್ನು ಅದೇ ಕುದುರೆಯ ಮೇಲೆ ಕೂರಿಸಿ ನೋಡಿದೆ, ಪಶುವೈದ್ಯರಿಂದಲೂ ತಪಾಸಣೆ ಮಾಡಿಸಿದೆ. ಜೀನು ನಡುವಿನಲ್ಲೇ ನಿಂತಿತು, ಕುದುರೆಯ ಕಾಲುಗಳೂ ಸರಿಯಿದ್ದವು. ಹಾಗಾಗಿ ಉಳಿದ ಕೆಲಸ ನನ್ನ ದೇಹದ್ದೇ ಆಗಿತ್ತು.

ಫಿಸಿಯೊಥೆರಪಿಸ್ಟ್ ಸೊಂಟದ ಮುಂಭಾಗದ ಮೂಳೆಯಿಂದ ಒಳಗಣಕಾಲಿನವರೆಗೆ ಅಳೆದು, ನನ್ನ ಕಾಲುಗಳ ಉದ್ದದಲ್ಲಿ ವ್ಯತ್ಯಾಸವಿಲ್ಲವೆಂದು ಖಚಿತಪಡಿಸಿದರು. ಆದರೆ ಬಲಗಾಲೊಂದರ ಮೇಲೆ ನಿಂತಾಗ ಸೊಂಟದ ಎಡಭಾಗ ಕೆಳಗಿಳಿಯುತ್ತಿತ್ತು. ಒಂಟಿಕಾಲಿನಲ್ಲಿ ನಿಂತಾಗ ಸೊಂಟವನ್ನು ಮಟ್ಟವಾಗಿ ಹಿಡಿಯುವ ಗ್ಲೂಟಿಯಸ್ ಮೀಡಿಯಸ್ ಸ್ನಾಯು ಬಲಗಡೆ ದುರ್ಬಲವಾಗಿರುವುದರ ಗುರುತು ಅದು. ಮಗ್ಗುಲಾಗಿ ಮಲಗಿ ಕಾಲೆತ್ತುವುದು, ಸೊಂಟವನ್ನು ಮಟ್ಟವಾಗಿಟ್ಟು ಒಂಟಿಕಾಲಿನಲ್ಲಿ ನಿಲ್ಲುವುದು, ಸೈಡ್ ಪ್ಲ್ಯಾಂಕ್ (ಒಂದು ಮೊಣಕೈ ಊರಿ ದೇಹವನ್ನು ಮಗ್ಗುಲಾಗಿ ನೇರವಾಗಿ ಎತ್ತಿಹಿಡಿಯುವುದು) ಇವುಗಳನ್ನು ಪ್ರತಿದಿನ ಎರಡೂ ಕಡೆ ಮಾಡಿ, ಬಲಗಡೆಗೆ ಒಂದು ಸುತ್ತು ಹೆಚ್ಚು ಸೇರಿಸಿದೆ. ನೆಲದ ಮೇಲಿನ ಈ ಅಭ್ಯಾಸವಿಲ್ಲದೆ ಕುದುರೆಯ ಮೇಲಿನ ಯಾವ ಸೂಚನೆಯೂ ನನ್ನಲ್ಲಿ ನಿಲ್ಲುತ್ತಿರಲಿಲ್ಲ.

ಕುದುರೆಯ ಮೇಲೆ ಅತಿ ಹೆಚ್ಚು ಕಲಿಸಿದ್ದು ರಿಕಾಬಿಲ್ಲದ ನಡಿಗೆ. ಕುದುರೆಯ ಎಡ ಹಿಂಗಾಲು ಮುಂದೆ ಬರುವಾಗ ಅದರ ಹೊಟ್ಟೆ ಬಲಕ್ಕೆ ತೂಗಿ, ಬೆನ್ನಿನ ಎಡಭಾಗ ಇಳಿಯುತ್ತದೆ; ಮರುಕ್ಷಣ ಬಲಭಾಗ. ಸವಾರನ ಕೂರುವ ಮೂಳೆಗಳೂ ಅದೇ ಲಯದಲ್ಲಿ ಸರದಿಯಂತೆ ಇಳಿಯಬೇಕು. ನನ್ನಲ್ಲಿ ಎಡಮೂಳೆ ಪೂರ್ತಿ ಇಳಿಯುತ್ತಿತ್ತು, ಬಲಮೂಳೆ ಜೀನನ್ನು ಸವರಿದಂತೆ ಮಾಡಿ ಮೇಲೇಳುತ್ತಿತ್ತು. ಸಹಾಯಕರು ಲಂಜ್ ಹಗ್ಗ (ಕುದುರೆಯನ್ನು ತಮ್ಮ ಸುತ್ತ ನಡೆಸಲು ಬಳಸುವ ಉದ್ದನೆಯ ಹಗ್ಗ) ಹಿಡಿದು ಕುದುರೆಯನ್ನು ನಡೆಸುತ್ತಿರಲು, ಬಲಗೈಯನ್ನು ಕಿವಿಯ ಪಕ್ಕಕ್ಕೆ ಎತ್ತಿ, ಕಂಕುಳಿನಿಂದ ಸೊಂಟದವರೆಗಿನ ಉದ್ದ ಹೆಚ್ಚುವಂತೆ ಬಲ ಪಕ್ಕೆಗಳಿಗೆ ಉಸಿರು ತುಂಬಿಕೊಳ್ಳುತ್ತಿದ್ದೆ. ಆಗ ಭುಜ ತಾನಾಗಿ ಮಟ್ಟಕ್ಕೆ ಬಂದು, ಸೊಂಟ ನಡುವಿಗೆ ಮರಳುತ್ತಿತ್ತು.

ಮೊದಮೊದಲು ಸರಿಯಾದ ಸ್ಥಿತಿಯೇ ಬಲಕ್ಕೆ ವಾಲಿದಂತೆ ಅನಿಸುತ್ತದೆ. ಬಹುಕಾಲ ಓರೆಯಾಗಿ ಕುಳಿತ ದೇಹ ಆ ಓರೆಯನ್ನೇ ನೇರವೆಂದು ಎಣಿಸಿರುವುದರಿಂದ, ಅನಿಸಿಕೆಯನ್ನು ನಂಬದೆ ವಿಡಿಯೊವನ್ನೇ ನಂಬಬೇಕು.

ಟ್ರಾಟ್‌ನಲ್ಲಿ (ಒಂದು ಬದಿಯ ಮುಂಗಾಲು, ಇನ್ನೊಂದು ಬದಿಯ ಹಿಂಗಾಲು ಜೋಡಿಯಾಗಿ ಊರುವ ಕುದುರೆಯ ಮೆಲ್ಲೋಟದಲ್ಲಿ) ಏಳುತ್ತ ಕೂರುವಾಗ ನನಗೆ ಒಂದು ಡಯಾಗನಲ್, ಅಂದರೆ ಅಂಥ ಒಂದು ಜೋಡಿ ಕಾಲು ಊರುವಾಗ ಕೂರುವುದು, ಮಾತ್ರ ಹಿತವಾಗಿತ್ತು, ಹೀಗಾಗಿ ಕೆಲವೇ ಹೆಜ್ಜೆಗಳಿಗೊಮ್ಮೆ ಅದನ್ನು ಬದಲಿಸುವುದನ್ನು ರೂಢಿಸಿಕೊಂಡೆ. ಬಲ ಸುತ್ತಿನಲ್ಲಿ ಹೊರಕ್ಕೆ, ಅಂದರೆ ಎಡಕ್ಕೆ, ಜಾರುವ ಸೆಳೆತ ಹೆಚ್ಚಿರುತ್ತದೆ. ಆದ್ದರಿಂದ 20 ಮೀಟರ್ ವೃತ್ತದಲ್ಲಿ ಬಲ ಸುತ್ತುಗಳನ್ನು ಸ್ವಲ್ಪ ಹೊತ್ತಷ್ಟೇ ಮಾಡಿ, ಪಕ್ಕೆ ಕುಗ್ಗತೊಡಗಿದ ಕೂಡಲೇ ನಡಿಗೆಗೆ ಇಳಿಯುತ್ತಿದ್ದೆ. ದಣಿದ ದೇಹದಿಂದ ಮುಂದುವರಿಸಿದರೆ ಹಳೆಯ ಓರೆಯೇ ಗಟ್ಟಿಯಾಗುತ್ತದೆ. ಬಲಕ್ಕೆ ತಿರುಗುವಾಗ ಎಡ ಭುಜವನ್ನು ಹೊರಚಾಚಿ ವೃತ್ತದಿಂದಾಚೆ ಸರಿಯುತ್ತಿದ್ದ ನನ್ನ ಕುದುರೆ, ನನ್ನ ಸೊಂಟ ನಡುವಿನಲ್ಲಿ ನಿಲ್ಲತೊಡಗಿದ ಮೇಲೆ ಲಗಾಮಿನ ಎಳೆತವಿಲ್ಲದೆಯೇ ಬಲಕ್ಕೆ ಬಾಗುತ್ತಿದೆ.